ತಿರುವಿ ಕೆತ್ತಿದ ದೇವರು

(ಅಣ್ಣಿಗೇರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಮೇಜಿನ ಮೇಲೆ ನಾನು ತಂದಿಟ್ಟಿರುವ ಈ ಎರಡು ಹೋಳು ಕಟ್ಟಿಗೆ ಏನೆಂದು ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಆಗಲೇ ಮುಂದಿನ ಸಾಲಿನಲ್ಲಿ ಗುಸುಗುಸು ಕೇಳಿಸಿತು: ‘ಸಕ್ಕರಿ ಆರತಿ ಅಚ್ಚು’. ಹೌದು, ಅದೇ. ಸಾಗವಾನಿಯದು, ನಮ್ಮ ಮನೆಯ ಅಟ್ಟದ ಮೇಲಿನದು. ವರ್ಷಕ್ಕೊಮ್ಮೆ ಗೌರಿ ಹುಣ್ಣಿಮೆಗೆ ಕೆಳಗಿಳಿದು ಮತ್ತೆ ಮೇಲೇರುತ್ತದೆ.

ಹುಣ್ಣಿಮೆಯ ಹಿಂದಿನ ದಿನ ನಮ್ಮವ್ವ ಅಚ್ಚುಗಳನ್ನೆಲ್ಲ ನೀರಲ್ಲಿ ನೆನೆ ಹಾಕುತ್ತಿದ್ದಳು. ಒಣ ಕಟ್ಟಿಗೆಗೆ ಪಾಕ ಹೊಯ್ದರೆ ಅಂಟಿಬಿಡುತ್ತದೆ. ಸಕ್ಕರೆ ಕುದಿಯುವಾಗ ಒಂದಿಷ್ಟು ಹಾಲು ಹಾಕಿ ಮೇಲೆ ಬಂದ ಕೊಳೆ ತೆಗೆದು, ಪಾಕ ಎಳೆ ಬಂದ ಮೇಲೆ ಇಳಿಸಿ, ಬೆಳ್ಳಗಾಗುವ ತನಕ ತಿರುವಿ, ಎರಡು ಹೋಳು ಜೋಡಿಸಿ ದಾರ ಬಿಗಿದ ಅಚ್ಚಿನ ಬಾಯಿಗೆ ಹೊಯ್ಯುವುದು. ಆರಿದ ಮೇಲೆ ದಾರ ಬಿಚ್ಚಿದರೆ ಬಿಳಿಯ ಬಸವಣ್ಣ, ಆನೆ, ತೇರು. ಆಮೇಲೆ ಅವು ಗೌರಿಯ ಮುಂದೆ, ಸೊಸೆಯಾಗಿ ಬರುವವಳ ಮನೆಗೆ, ಕೊನೆಗೆ ನಮ್ಮ ಬಾಯಿಗೆ.

ಅಚ್ಚು ಸವೆದಾಗ ರಿಪೇರಿಗೆಂದು ಬಡಿಗೇರ ಅಜ್ಜನ ಹತ್ತಿರ ಒಯ್ಯುವ ಕೆಲಸ ನನ್ನದಾಗಿತ್ತು. ಕಟ್ಟಿಗೆಯಲ್ಲಿ ಆನೆ ಎಡಕ್ಕೆ ಮುಖ ಮಾಡಿದೆ, ಆರತಿಯಲ್ಲಿ ಬಲಕ್ಕೆ ಮಾಡಿರುತ್ತದೆ, ಇದು ಹೇಗೆ ಎಂದು ಕೇಳಿದ್ದೆ. ಅಜ್ಜ ಉಳಿ ಕೆಳಗಿಡದೆ ಅಂದ: ‘ಅಚ್ಚಿನ ಕೆಲಸ ಅಂದ್ರ ಹಂಗ ತಮ್ಮಾ. ಕಟಗ್ಯಾಗ ಎಡಕ್ಕ ನಡದದ್ದು ಸಕ್ಕರ್ಯಾಗ ಬಲಕ್ಕ ನಡೀತೈತಿ. ಕೆತ್ತಾಂವ ತಿರುವಿ ಕೆತ್ತಬೇಕು.’

ನಾನು ಇಂದು ಮಾತನಾಡಲಿರುವುದು ಐನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ದೇವರ ಚಿತ್ರಗಳನ್ನು ಮರದಲ್ಲಿ, ತಾಮ್ರದಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದವರ ಬಗ್ಗೆ. ಆ ಕಸುಬು ಕಲ್ಲಿಗೆ ಬಂದು, ಹಡಗು ಹತ್ತಿ, ಮಂಗಳೂರಿಗೆ ಇಳಿದು, ನಮ್ಮ ಬಸವಪುರಾಣದ ಹಾಳೆಯಾದ ಬಗ್ಗೆ. ದಾರಿ ದೂರದ್ದು. ಅಜ್ಜನ ಮಾತೊಂದನ್ನು ಕೈಯಲ್ಲಿ ಹಿಡಿದರೆ ದಾರಿ ತಪ್ಪುವುದಿಲ್ಲ. ಕೆತ್ತಿದವನು ಎಡಕ್ಕೆ ನಡೆಸಿದ್ದು ಒತ್ತಿಸಿಕೊಂಡವರ ಮನೆಯಲ್ಲಿ ಬಲಕ್ಕೆ ನಡೆಯಿತು. ಚಿತ್ರದಲ್ಲಷ್ಟೇ ಅಲ್ಲ, ಚರಿತ್ರೆಯಲ್ಲೂ.

ನಮ್ಮಲ್ಲಿ ಏನಿತ್ತು, ಏನಿರಲಿಲ್ಲ

ಮೊದಲು ನಮ್ಮ ಅಂಗಳ ನೋಡೋಣ. ‘ಮುದ್ರಣ’ ಅನ್ನುವ ಮಾತು ಹುಟ್ಟಿದ್ದೇ ‘ಮುದ್ರೆ’ಯಿಂದ. ಮಾಧ್ವರ ಮನೆಗಳಲ್ಲಿ ಬೆಳಿಗ್ಗೆ ಸ್ನಾನವಾದ ಮೇಲೆ ಗೋಪೀಚಂದನ ತೇಯ್ದು, ಹಿತ್ತಾಳೆಯ ಶಂಖ ಚಕ್ರಗಳನ್ನು ಅದರಲ್ಲದ್ದಿ ಮೈಮೇಲೆ ಒತ್ತಿಕೊಳ್ಳುತ್ತಾರೆ. ನಾಮಮುದ್ರೆಯ ಅಕ್ಷರ ಹಿತ್ತಾಳೆಯಲ್ಲಿ ತಿರುವು, ತೋಳಿನ ಮೇಲೆ ನೇರ. ಅಚ್ಚು, ಬಣ್ಣ, ಒತ್ತಡ: ಮುದ್ರಣಕ್ಕೆ ಬೇಕಾದ ಮೂರೂ ಅಲ್ಲಿವೆ. ಕಾಗದದ ಬದಲು ಮೈ, ಅಷ್ಟೆ. ಲಕ್ಕುಂಡಿಯ ಟಂಕಸಾಲೆಯಲ್ಲಿ ಹೊನ್ನಿನ ಗದ್ಯಾಣ ಒತ್ತುತ್ತಿದ್ದರು. ಅಲ್ಲಿಯೂ ತಿರುವಿ ಕೆತ್ತುವ ಕೈ ಬೇಕಿತ್ತು.

ಇನ್ನು ತಾಮ್ರದ ಮೇಲೆ ಗೆರೆ ಕೊರೆಯುವುದರಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ. ರಾಜರ ಎಷ್ಟೋ ದಾನಗಳು ತಾಮ್ರಪಟದ ಮೇಲೆ. ಆ ತಗಡಿನ ಗೆರೆಗಳಿಗೆ ಯಾರಾದರೂ ಮಸಿ ತುಂಬಿ, ಮೇಲ್ಮೈ ಒರಸಿ, ಒದ್ದೆ ಕಾಗದವಿಟ್ಟು ಒತ್ತಿದ್ದರೆ ಹಾಳೆ ಎದ್ದು ಬರುತ್ತಿತ್ತು. ತಾಮ್ರದಚ್ಚು ಅಂದರೆ ಅಷ್ಟೇ ಕೆಲಸ. ಯಾರೂ ಒತ್ತಲಿಲ್ಲ. ಒತ್ತುವ ಕಾರಣ ಇರಲಿಲ್ಲ. ತಾಮ್ರಪಟದ ಬೆಲೆ ಅದು ಒಂದೇ ಒಂದು ಅನ್ನುವುದರಲ್ಲಿತ್ತು. ಹತ್ತು ಪ್ರತಿ ಆದರೆ ಹೊಲ ಯಾರದೆಂಬ ಜಗಳ ಹತ್ತಾಗುತ್ತಿತ್ತು. ನಮ್ಮ ಅಮೃತೇಶ್ವರನ ಗುಡಿಯಲ್ಲಿರುವ ಶಾಸನಗಳೂ ಹಾಗೆಯೇ. ಓದಬೇಕಾದವರು ಕಲ್ಲಿನ ಬಳಿಗೆ ಬರಬೇಕು, ಕಲ್ಲು ಎದ್ದು ಬರುವುದಿಲ್ಲ.

ಆ ಕಲ್ಲು ಎದ್ದು ಬಂದದ್ದು ತೀರ ಈಚೆಗೆ, ಶಾಸನ ಓದುವವರು ಪಡಿಯಚ್ಚು ತೆಗೆಯತೊಡಗಿದ ಮೇಲೆ. ನೀವು ನೋಡಿರಬಹುದು. ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ, ಗಡುಸು ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ತಗ್ಗಿನೊಳಕ್ಕೆ ಕಾಗದ ಇಳಿಸುತ್ತಾರೆ. ಆಮೇಲೆ ಮಸಿಯ ಉಂಡೆಯಿಂದ ಮೆಲ್ಲಗೆ ಒತ್ತುತ್ತಾ ಹೋದರೆ ಕಲ್ಲಿನ ಮೈ ಕಪ್ಪಾಗಿ ಅಕ್ಷರ ಬೆಳ್ಳಗೆ ಉಳಿಯುತ್ತದೆ. 1939ರಲ್ಲಿ ಧಾರವಾಡದಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆಯವರು ಈ ಭಾಗದ ಹಳ್ಳಿಹಳ್ಳಿ ತಿರುಗಿ ಮಾಡಿದ ಕೆಲಸವಿದು. ಒಂಬೈನೂರು ವರ್ಷ ಒಂದೆಡೆ ನಿಂತ ಕಲ್ಲು ಸುರುಳಿ ಸುತ್ತಿಕೊಂಡು ಬಗಲಲ್ಲಿ ಹೊರಟಿತು.

ಹಾಗಾದರೆ ಯುರೋಪಿನವರಿಗೆ ಒತ್ತುವ ಕಾರಣ ಎಲ್ಲಿಂದ ಬಂತು? ಎರಡು ಕಡೆಯಿಂದ: ಹಳೇ ಅರಿವೆಯಿಂದ, ಮತ್ತು ಜಾತ್ರೆಯಿಂದ.

ಹೊಳೆ ದಾಟಿಸುವ ಸಂತ

ಅರಿವೆಯ ಮಾತು ಮೊದಲು. ಹರಿದ ನಾರುಬಟ್ಟೆ ಕೊಳೆಸಿ, ಕುಟ್ಟಿ, ತೆಳುವಾಗಿ ಸೋಸಿ ಕಾಗದ ಮಾಡುವ ವಿದ್ಯೆ ಅರಬರ ಕೈಯಿಂದ ಯುರೋಪಿಗೆ ದಾಟಿತ್ತು. ಜರ್ಮನಿಯ ನ್ಯೂರೆಂಬರ್ಗ್ ಊರ ಹೊರಗೆ 1390ರಲ್ಲಿ ಉಲ್ಮನ್ ಸ್ಟ್ರೋಮರ್ ಎಂಬ ವ್ಯಾಪಾರಿ ಹೊಳೆಯ ನೀರಿನಿಂದ ನಡೆಯುವ ಕಾಗದದ ಗಿರಣಿ ಹಾಕಿದ. ಕಾಗದ ಬರುವವರೆಗೆ ಬರೆಯಲು ಕುರಿ, ಕರುವಿನ ಚರ್ಮ ಬೇಕಿತ್ತು. ಚರ್ಮದ ಮೇಲೆ ಬಡವರ ದೇವರು ಮೂಡುವ ಮಾತೇ ಇಲ್ಲ. ಚಿಂದಿಯ ಕಾಗದದ ಮೇಲೆ ಮೂಡಿದ.

ತಾರೀಖು ಕೆತ್ತಿರುವ ಹಳೆಯ ಮರದಚ್ಚಿನ ಚಿತ್ರಗಳಲ್ಲಿ ಒಂದು 1423ರದು. ದೈತ್ಯದೇಹದ ಸಂತ ಕ್ರಿಸ್ಟೋಫರ್ ಕೈಯಲ್ಲಿ ಗಿಡದಂಥ ಕೋಲು ಹಿಡಿದು, ಮಗು ಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುತ್ತಿದ್ದಾನೆ. ಕೆಳಗೆ ಎರಡು ಸಾಲು ಲ್ಯಾಟಿನ್. ಅದರ ಭಾವ: ಈ ಸಂತನ ಮುಖ ಯಾವ ದಿನ ನೋಡುತ್ತೀಯೋ ಆ ದಿನ ನಿನಗೆ ಕೆಟ್ಟ ಸಾವು ಬರುವುದಿಲ್ಲ. ಇದನ್ನು ನಾವು ಫಲಶ್ರುತಿ ಅನ್ನುತ್ತೇವೆ. ಶಾಸನದ ಕೊನೆಗೂ ಇದೆ, ವ್ರತದ ಕತೆಯ ಕೊನೆಗೂ ಇದೆ. ವ್ಯತ್ಯಾಸವಿಷ್ಟೆ: ಇಲ್ಲಿ ಫಲ ಪಡೆಯಲು ಗುಡಿಗೆ ಹೋಗಬೇಕಿಲ್ಲ, ಹಾಳೆ ಮನೆಯ ಬಾಗಿಲಿಗೆ ಅಂಟಿಸಿದರೆ ಸಾಕು. ಕೂಲಿಗೆ ಹೊರಡುವವನು ಹೊಸ್ತಿಲು ದಾಟುವಾಗ ಒಮ್ಮೆ ತಿರುಗಿ ನೋಡಿದರಾಯಿತು.

ಬಾಗಿಲಿಗೆ ಅಂಟಿಸಿದವೆಲ್ಲ ಗಾಳಿ ಮಳೆಗೆ ಹೋದವು. ಉಳಿದದ್ದು ಬುಕ್ಸ್‌ಹೈಮ್ ಎಂಬಲ್ಲಿನ ಮಠದಲ್ಲಿ ಕೈಬರಹದ ಪುಸ್ತಕವೊಂದರ ರಟ್ಟಿನ ಒಳಮೈಗೆ ಯಾರೋ ಅಂಟಿಸಿದ್ದ ಈ ಪ್ರತಿ. ಬೀದಿಗೆಂದು ಒತ್ತಿದ್ದು ಗ್ರಂಥದ ಹೊಟ್ಟೆಯೊಳಗೆ ಬದುಕಿಕೊಂಡಿತು. ಈಗ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಗ್ರಂಥಾಲಯದಲ್ಲಿದೆ.

ಜಾತ್ರೆಯ ಮಾತು ಆಮೇಲೆ. ಸ್ವಿಟ್ಜರ್‌ಲೆಂಡಿನ ಐನ್‌ಸೀಡೆಲ್ನ್ ಮಠಕ್ಕೆ ಮೇರಿ ಮಾತೆಯ ದರ್ಶನಕ್ಕೆ ಜನ ನಡೆದುಕೊಂಡು ಬರುತ್ತಿದ್ದರು, ನಮ್ಮವರು ಶ್ರೀಶೈಲಕ್ಕೋ ಪಂಢರಪುರಕ್ಕೋ ಹೋದ ಹಾಗೆ. 1466ರ ದೊಡ್ಡ ಉತ್ಸವದಲ್ಲಿ ಹದಿನಾಲ್ಕು ದಿನಕ್ಕೆ 1,30,000 ಯಾತ್ರೆಯ ಬಿಲ್ಲೆಗಳು ಖರ್ಚಾದವೆಂದು ಲೆಕ್ಕ ಸಿಗುತ್ತದೆ. ಅದೇ ಉತ್ಸವಕ್ಕೆಂದು ತಾಮ್ರದಲ್ಲಿ ಕೊರೆದು ಒತ್ತಿದ ಮೇರಿಯ ಚಿತ್ರಗಳೂ ಬಂದವು. ಕೊರೆದವನು ಚಿತ್ರದಲ್ಲಿ ಎರಡೇ ಅಕ್ಷರ ಬಿಟ್ಟ: ಇ, ಎಸ್. ಇವತ್ತಿಗೂ ಕಲೆಯ ಚರಿತ್ರೆಯಲ್ಲಿ ಅವನ ಹೆಸರು ‘ಇ.ಎಸ್. ಗುರು’ ಅಷ್ಟೆ. ಕೈಕೆಲಸ ನೋಡಿದವರು ಅವನನ್ನು ಪತ್ತಾರರ ಪೈಕಿ ಅನ್ನುತ್ತಾರೆ. ಇರಬೇಕು. ಬೆಳ್ಳಿ ಬಂಗಾರದ ಮೇಲೆ ಹೂಬಳ್ಳಿ ಕೊರೆದು ಪಳಗಿದ ಕೈಗೆ ತಾಮ್ರದ ತಗಡು ಹೊಸದಲ್ಲ.

ಈ ಎರಡು ಕಸುಬಿನ ಅಂತರ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಮರದಚ್ಚಿನಲ್ಲಿ ಬೇಡವಾದದ್ದನ್ನು ಕೆತ್ತಿ ತೆಗೆಯುತ್ತಾರೆ, ಉಬ್ಬಿ ನಿಂತ ಗೆರೆ ಮಸಿ ಹಿಡಿಯುತ್ತದೆ. ತಾಮ್ರದಲ್ಲಿ ಬೇಕಾದದ್ದನ್ನೇ ಕೊರೆಯುತ್ತಾರೆ, ತಗ್ಗಿನಲ್ಲಿ ಮಸಿ ನಿಲ್ಲುತ್ತದೆ. ಮರದಚ್ಚನ್ನು ಅಕ್ಷರದ ಮೊಳೆಗಳ ಜೊತೆಗೇ ಇಟ್ಟು ಒಂದೇ ಒತ್ತಿಗೆ ಮುದ್ರಿಸಬಹುದು, ಆದ್ದರಿಂದ ಅಗ್ಗ. ತಾಮ್ರಕ್ಕೆ ಬೇರೆ ಯಂತ್ರ ಬೇಕು, ಎರಡು ಉರುಳೆಗಳ ನಡುವೆ ಕಬ್ಬಿನ ಗಾಣದ ಹಾಗೆ ಹಿಂಡಬೇಕು. ಗೆರೆ ನವಿರು, ಖರ್ಚು ಜಾಸ್ತಿ, ತಗಡು ಸವೆಯುವುದೂ ಬೇಗ. ಅದಕ್ಕೇ ಮರ ಜನರ ಕೈಗೆ ಹೋಯಿತು, ತಾಮ್ರ ಬಲ್ಲವರ ಕೈಗೆ.

ಅಂಕಿತ ಮತ್ತು ಕಿರೀಟ

ನ್ಯೂರೆಂಬರ್ಗಿನ ಪತ್ತಾರರ ಮಗನೊಬ್ಬ ಈ ಎರಡನ್ನೂ ಕೈವಶ ಮಾಡಿಕೊಂಡ. ಆಲ್ಬ್ರೆಕ್ಟ್ ಡ್ಯೂರರ್, ಹುಟ್ಟಿದ್ದು 1471. ಬೈಬಲ್ಲಿನ ಕೊನೆಯ ಭಾಗದಲ್ಲಿ ಬರುವ ಪ್ರಳಯದ ದರ್ಶನಗಳನ್ನು ಹದಿನೈದು ದೊಡ್ಡ ಮರದಚ್ಚುಗಳಲ್ಲಿ 1498ರಲ್ಲಿ ಹೊರತಂದ. ಹೆಂಡತಿ ಆಗ್ನೆಸ್ ಗಂಡನ ಚಿತ್ರಗಳನ್ನು ಸಂತೆ ಜಾತ್ರೆಗಳಲ್ಲಿ ಮಾರುತ್ತಿದ್ದಳು. ಪ್ರತಿ ಚಿತ್ರದ ಮೂಲೆಯಲ್ಲಿ ದೊಡ್ಡ ‘ಎ’ಯ ಕಾಲುಗಳ ನಡುವೆ ಚಿಕ್ಕ ‘ಡಿ’. ಅವನ ಮುದ್ರಿಕೆ.

ಇಟಲಿಯಲ್ಲಿ ಮಾರ್ಕಾಂತೋನಿಯೋ ರೈಮೊಂಡಿ ಎಂಬ ನಿಪುಣ ಡ್ಯೂರರನ ಮರದಚ್ಚುಗಳನ್ನು ತಾಮ್ರಕ್ಕೆ ಗೆರೆಗೆರೆಯಾಗಿ ಇಳಿಸಿ, ಮುದ್ರಿಕೆಯನ್ನೂ ಬಿಡದೆ ಕೊರೆದು ಮಾರಿದ. ವಸಾರಿ ಎಂಬ ಇಟಲಿಯ ಲೇಖಕ ಬರೆದಿಟ್ಟ ಪ್ರಕಾರ ಡ್ಯೂರರ್ ವೆನಿಸ್ ಸರಕಾರಕ್ಕೆ ದೂರು ಕೊಟ್ಟ. ಸಿಕ್ಕ ತೀರ್ಪು, ಚಿತ್ರ ಬೇಕಾದರೆ ಮಾಡಲಿ, ಮುದ್ರಿಕೆ ಮಾತ್ರ ಹಾಕಕೂಡದು. 1511ರಲ್ಲಿ ಡ್ಯೂರರ್ ತನ್ನ ಪುಸ್ತಕದ ಕೊನೆಗೆ, ಪರರ ದುಡಿಮೆ ಕದಿಯುವವರಿಗೆ ಕಟುವಾದ ಎಚ್ಚರಿಕೆಯನ್ನೇ ಅಚ್ಚು ಹಾಕಿಸಿದ.

ವಚನದ ನಾಡಿನವರಾದ ನಮಗೆ ಇಲ್ಲೊಂದು ಯೋಚನೆ ಬರಬೇಕು. ಬಸವಣ್ಣನ ಮಾತಿಗೂ ಮುದ್ರಿಕೆಯಿದೆ, ಅಕ್ಕನ ಮಾತಿಗೂ ಇದೆ. ಆದರೆ ಅಲ್ಲಿರುವುದು ದೇವರ ಹೆಸರು. ಆಡಿದವನು ತನ್ನ ಹೆಸರನ್ನು ಹಿಂದೆ ಸರಿಸಿ ಕೂಡಲಸಂಗಮದೇವನನ್ನು ಮುಂದೆ ನಿಲ್ಲಿಸುತ್ತಾನೆ. ಡ್ಯೂರರ್ ದೇವರ ಚಿತ್ರ ಬರೆದು ತನ್ನ ಹೆಸರಿಟ್ಟ. ಇದರಲ್ಲಿ ಹೆಚ್ಚು ಕಡಿಮೆ ಎಣಿಸಬೇಕಿಲ್ಲ. ಬಾಯಿಂದ ಬಾಯಿಗೆ ಹೋಗುವ ಮಾತನ್ನು ದೇವರು ಕಾಯುತ್ತಾನೆ ಎಂದು ನಂಬಬಹುದು. ಸಂತೆಯಲ್ಲಿ ಮಾರಾಟಕ್ಕೆ ಕೂತ ಹಾಳೆಯನ್ನು ಕಾಯಲು ಕೋರ್ಟೇ ಬೇಕು.

ಅಷ್ಟರಲ್ಲಿ ಯುರೋಪಿನಲ್ಲಿ ಧರ್ಮದ ಜಗಳ ಹೊತ್ತಿಕೊಂಡಿತು. ಪೋಪನ ವಿರುದ್ಧ ಎದ್ದ ಮಾರ್ಟಿನ್ ಲೂಥರ್ ಜರ್ಮನ್ ಭಾಷೆಗೆ ತಂದ ಹೊಸ ಒಡಂಬಡಿಕೆ 1522ರ ಸೆಪ್ಟೆಂಬರಿನಲ್ಲಿ ಬಂತು. ಕೊನೆಯ ಭಾಗಕ್ಕೆ ಲ್ಯೂಕಾಸ್ ಕ್ರಾನಾಕ್‌ನ ಕಾರ್ಯಾಗಾರದ ಇಪ್ಪತ್ತೊಂದು ಮರದಚ್ಚು. ಅದರಲ್ಲಿ ಬಾಬಿಲೋನಿನ ಪಾಪದ ಹೆಣ್ಣಿನ ತಲೆಯ ಮೇಲೆ ಪೋಪ್ ಗುರುಗಳು ಧರಿಸುವ ಮೂರಂತಸ್ತಿನ ಕಿರೀಟ! ಅಕ್ಷರ ಬಾರದವನಿಗೂ ತಿಳಿಯುವ ಬೈಗುಳ. ಗದ್ದಲವಾಯಿತು. ಡಿಸೆಂಬರಿನ ಎರಡನೇ ಮುದ್ರಣದ ಹೊತ್ತಿಗೆ ಅದೇ ಅಚ್ಚಿನ ಮೇಲೆ ಉಳಿ ಆಡಿಸಿ ಮೇಲಿನ ಎರಡಂತಸ್ತು ಕೆತ್ತಿ ತೆಗೆದರು. ಉಳಿದದ್ದು ಸಾದಾ ಕಿರೀಟ, ಮೇಲೆ ಖಾಲಿ ಜಾಗ. ಮರದಚ್ಚಿನಲ್ಲಿ ತೆಗೆದದ್ದು ಮತ್ತೆ ಬಾರದು. ಎರಡೂ ಮುದ್ರಣಗಳನ್ನು ಅಕ್ಕಪಕ್ಕ ಇಟ್ಟರೆ ಮೂರು ತಿಂಗಳ ರಾಜಕೀಯ ಅಷ್ಟು ಸಣ್ಣ ಜಾಗದಲ್ಲಿ ಕಾಣುತ್ತದೆ.

ಇದಕ್ಕಿಂತ ತಮಾಷೆ ಮುಂದಿದೆ. ಲೂಥರನ ಕಡು ವಿರೋಧಿ ಹಿರೋನಿಮಸ್ ಎಮ್ಸರ್, ಲೂಥರನ ಅನುವಾದ ತಪ್ಪೆಂದು ತನ್ನದೇ ಹೊಸ ಒಡಂಬಡಿಕೆಯನ್ನು 1527ರಲ್ಲಿ ಡ್ರೆಸ್ಡನ್ನಿನಲ್ಲಿ ಹೊರತಂದ. ಚಿತ್ರ ಬೇಕಲ್ಲ? ಕ್ರಾನಾಕ್‌ನ ಅಚ್ಚುಗಳನ್ನೇ ತಂದು ಹಾಕಿದ. ಪೋಪನ ವಿರುದ್ಧ ಕೆತ್ತಿದ ಮರ ಪೋಪನ ಪರವಾದ ಪುಸ್ತಕದಲ್ಲಿ ಮಸಿ ಹಚ್ಚಿಕೊಂಡಿತು. ಕಟ್ಟಿಗೆಯಲ್ಲಿ ಎಡಕ್ಕೆ ನಡೆದದ್ದು ಸಕ್ಕರೆಯಲ್ಲಿ ಬಲಕ್ಕೆ.

ತಾಮ್ರದ ತಗಡು, ಅಕ್ಬರನ ಓಲಗ

ಅದೇ ಧರ್ಮದ ಜಗಳದಲ್ಲಿ ಪ್ರತಿಮೆ ಬೇಡವೆಂದವರು ಗುಡಿ ಬರಿದು ಮಾಡಿದರೆ, ಬೇಕೆಂದವರು ಸುಮ್ಮನಿರಲಿಲ್ಲ. 1563ರ ಡಿಸೆಂಬರಿನಲ್ಲಿ ಟ್ರೆಂಟ್ ಎಂಬಲ್ಲಿ ಸೇರಿದ್ದ ಕ್ಯಾಥೊಲಿಕ್ ಧರ್ಮಸಭೆ, ಚಿತ್ರ ಪ್ರತಿಮೆಗಳಿಗೆ ಗೌರವ ಸಲ್ಲತಕ್ಕದ್ದು, ಅವು ಜನರಿಗೆ ಪಾಠವೆಂದು ಸಾರಿತು. ಆ ಪಾಠ ತಯಾರಾದ ಊರು ಆಂಟ್‌ವರ್ಪ್. ಅಲ್ಲಿ ಪ್ಲಾಂಟಿನ್‌ನ ದೊಡ್ಡ ಮುದ್ರಣಾಲಯ, ತಾಮ್ರ ಕೊರೆಯುವುದರಲ್ಲಿ ಹೆಸರಾದ ವೀರಿಕ್ಸ್ ಅಣ್ಣತಮ್ಮಂದಿರು. ಜೆಸುಯಿಟ್ ಪಾದ್ರಿ ಜೆರೋಮ್ ನಡಾಲ್ ಯೋಜಿಸಿದ ಸುವಾರ್ತೆಯ ಚಿತ್ರಮಾಲೆ ಅವನು ತೀರಿದ ಮೇಲೆ 1593ರಲ್ಲಿ ಅಲ್ಲಿಂದ ಹೊರಬಂತು: 153 ತಗಡು. ಪ್ರತಿ ಚಿತ್ರದಲ್ಲಿ ಇಲ್ಲಿ ‘ಎ’, ಅಲ್ಲಿ ‘ಬಿ’ ಎಂದು ಅಕ್ಷರ ಕೊರೆದು ಕೆಳಗೆ ವಿವರಣೆ. ಶಾಲೆಯ ಗೋಡೆಯ ನಕ್ಷೆಯಲ್ಲಿ ಕಡ್ಡಿಯಿಟ್ಟು ತೋರಿಸುವ ಮಾಸ್ತರರ ಹಾಗೆ.

ಈ ಪಾಠ ನಮ್ಮ ದೇಶಕ್ಕೂ ಬಂತು. ಗೋವಾದಲ್ಲಿ 1556ರಲ್ಲೇ ಜೆಸುಯಿಟರ ಅಚ್ಚುಕೂಟ ಶುರುವಾಗಿತ್ತು. 1580ರಲ್ಲಿ ಅಕ್ವಾವಿವಾ, ಮೊನ್ಸೆರಾಟ್ ಮೊದಲಾದ ಪಾದ್ರಿಗಳು ಗೋವಾದಿಂದ ಫತೇಪುರ ಸಿಕ್ರಿಗೆ ಹೋಗಿ ಪ್ಲಾಂಟಿನ್ ಮುದ್ರಿಸಿದ ಎಂಟು ಸಂಪುಟದ ಬಹುಭಾಷಾ ಬೈಬಲ್ಲನ್ನು ಅಕ್ಬರನಿಗೆ ಅರ್ಪಿಸಿದರು. ಅಕ್ಬರ್ ಒಂದೊಂದು ಸಂಪುಟಕ್ಕೂ ಮುತ್ತಿಟ್ಟು ತಲೆಯ ಮೇಲೆ ಇಟ್ಟುಕೊಂಡ. ನಾವೂ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುತ್ತೇವಲ್ಲ! ಆದರೆ ಪಾದ್ರಿಗಳಿಗೆ ಅದು ಭಕ್ತಿಯೆಂದೇ ಕಂಡಿತು. ಬಾದಶಹ ಇನ್ನೇನು ಕ್ರೈಸ್ತನಾದ ಎಂದು ಹಿಗ್ಗಿದರು.

ಆಗಲಿಲ್ಲ. ಆದದ್ದೇ ಬೇರೆ. ಆಸ್ಥಾನದ ಚಿತ್ರಕಾರರು ಆ ಹಾಳೆಗಳ ಮುಂದೆ ಕೂತು ಗೆರೆ ಕಲಿತರು. ಬಟ್ಟೆಯ ನೆರಿಗೆ ಹೇಗೆ ಬೀಳುತ್ತದೆ, ದೂರದ ಬೆಟ್ಟ ಹೇಗೆ ಮಸುಕಾಗುತ್ತದೆ, ಅಳುವವನ ಬೆರಳು ಹೇಗೆ ಹೆಣೆದುಕೊಳ್ಳುತ್ತದೆ. 1600ರಲ್ಲಿ ಅಬುಲ್ ಹಸನ್ ಎಂಬ ಹದಿಮೂರರ ಹುಡುಗ ಡ್ಯೂರರನ 1511ರ ತಾಮ್ರದಚ್ಚಿನಿಂದ, ಶಿಲುಬೆಯ ಬಳಿ ನಿಂತು ಶೋಕಿಸುವ ಸಂತ ಯೋಹಾನನೊಬ್ಬನನ್ನೇ ಎತ್ತಿಕೊಂಡು ಬರೆದ. ಶಿಲುಬೆ ಬಿಟ್ಟ, ದುಃಖ ಇಟ್ಟುಕೊಂಡ. ಮುಂದೆ ಜಹಾಂಗೀರನ ಆಸ್ಥಾನದಲ್ಲಿ ಮೇಲಿನ ಸ್ಥಾನಕ್ಕೇರಿದ ಚಿತ್ರಕಾರ ಅವನೇ. ಮತ ಬದಲಿಸಲು ಕೊರೆದ ತಾಮ್ರ ಕುಂಚ ಪಳಗಿಸಿತು.

ಬಾಸೆಲ್‌ನಿಂದ ಬಲ್ಮಠಕ್ಕೆ

ಈಗ ನಮ್ಮ ಮನೆಯ ಹತ್ತಿರಕ್ಕೆ ಬರುತ್ತೇನೆ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಪುಸ್ತಕದ ಪಟ್ಟಣ. ಫ್ರೋಬೆನ್‌ನಂಥ ಮುದ್ರಕ, ಎರಾಸ್ಮಸ್‌ನಂಥ ಪಂಡಿತ ಅಲ್ಲಿದ್ದರು. 1529ರ ಫೆಬ್ರುವರಿಯಲ್ಲಿ ಆ ಊರಿನ ಜನ ಚರ್ಚುಗಳಿಗೆ ನುಗ್ಗಿ ಪ್ರತಿಮೆ, ಚಿತ್ರಗಳನ್ನು ಒಡೆದು ಸುಟ್ಟರು. ಬೇಸತ್ತ ಎರಾಸ್ಮಸ್ ಕೆಲವೇ ವಾರಗಳಲ್ಲಿ ಊರು ಬಿಟ್ಟ. ಪ್ರತಿಮೆ ಒಡೆದ ಆ ಊರಿನಲ್ಲಿ ಸುಮಾರು ಮುನ್ನೂರು ವರ್ಷದ ಮೇಲೆ, 1815ರಲ್ಲಿ, ಬಾಸೆಲ್ ಮಿಷನ್ ಹುಟ್ಟಿತು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಹುಬ್ಬಳ್ಳಿಯಿಂದ ಬೆಟಗೇರಿಗೆ ಹೋಗುವವರಿಗೆ ದಾರಿ ಅಣ್ಣಿಗೇರಿಯದೇ. ನಮ್ಮ ಎರೆಮಣ್ಣಿನ ಕೆಸರು ಆ ಪಾದ್ರಿಗಳ ಕಾಲಿಗೂ ಮೆತ್ತಿರಬೇಕು.

ಅದೇ 1841ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ಅವರ ಅಚ್ಚುಕೂಟ ಶುರುವಾಯಿತು. ಮೊಳೆಯದಲ್ಲ, ಕಲ್ಲಿನದು. ಕಲ್ಲಚ್ಚಿನ ಹುಟ್ಟು ಚೆಂದದ ಕತೆ. ಮ್ಯೂನಿಕ್ಕಿನ ಆಲೋಯಿಸ್ ಸೆನೆಫೆಲ್ಡರ್ ನಾಟಕ ಬರೆಯುವವನು, ಅಚ್ಚು ಹಾಕಿಸಲು ಕಾಸಿಲ್ಲ. 1796ರಲ್ಲಿ ಒಂದು ದಿನ ತಾಯಿ ಅಗಸರಿಗೆ ಕೊಡುವ ಅರಿವೆಯ ಪಟ್ಟಿ ಬರೆದುಕೋ ಅಂದಳಂತೆ. ಕಾಗದ ಸಿಗದೆ ಪಕ್ಕದಲ್ಲಿದ್ದ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಶಾಯಿಯಲ್ಲಿ ಗೀಚಿದ. ಅಲ್ಲಿಂದ ಎರಡು ವರ್ಷ ಹೆಣಗಿ ಉಪಾಯ ಕಂಡುಕೊಂಡ. ನಯ ಮಾಡಿದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆ. ಗೋಂದು, ಆಮ್ಲ ಬಳಿದು ಹದ ಮಾಡು. ಕಲ್ಲಿಗೆ ನೀರು ಒರಸು, ಬರೆದಲ್ಲಿ ನೀರು ನಿಲ್ಲದು. ಮಸಿಯ ಉರುಳೆ ಆಡಿಸು, ನೀರಿದ್ದಲ್ಲಿ ಮಸಿ ನಿಲ್ಲದು. ಉಳಿ ಬೇಡ, ಉಬ್ಬು ಬೇಡ, ತಗ್ಗು ಬೇಡ. ಎಣ್ಣೆಗೂ ನೀರಿಗೂ ಇರುವ ಹಗೆತನ ಸಾಕು.

ಕನ್ನಡಕ್ಕೆ ಇದು ವರವಾಯಿತು. ಒತ್ತು, ಗುಣಿಸು, ಕೊಂಬು, ದೀರ್ಘಗಳೆಲ್ಲ ಸೇರಿ ನೂರಾರು ಮೊಳೆ ಎರಕ ಹೊಯ್ಯಬೇಕಾದ ಲಿಪಿ ನಮ್ಮದು. ಕಲ್ಲಚ್ಚಿಗೆ ಬರೆಯುವ ಕೈ ಇದ್ದರೆ ಸಾಕು. 1843ರ ಜುಲೈ 1ರಂದು ಮಿಷನ್ನಿನ ಪಾದ್ರಿ ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಮೂಡಿದ್ದು ಹೀಗೆಯೇ, ಕಲ್ಲಿನ ಮೇಲೆ. ಕನ್ನಡದ ಮೊದಲ ಪತ್ರಿಕೆಯನ್ನು ನೋಡಿದರೆ ಯಾರೋ ಕೂತು ಬರೆದ ಕಾಗದದ ಹಾಗೆ ಕಾಣುವುದು ಅದಕ್ಕೇ. ಕೈಯ ಓಟ ಅಚ್ಚಿನಲ್ಲಿ ಉಳಿದಿದೆ.

ಮೊಗ್ಲಿಂಗ್ ಅಲ್ಲಿಗೆ ನಿಲ್ಲಲಿಲ್ಲ. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಕೊಟ್ಟ ಹಣದಿಂದ 1848ರಿಂದ 1853ರವರೆಗೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆ ತಂದ. ಏನೇನು ಅಚ್ಚಾದವು ಕೇಳಿ: ಲಕ್ಷ್ಮೀಶನ ಜೈಮಿನಿ ಭಾರತ, ದಾಸರ ಪದಗಳು, ಬಸವಪುರಾಣ, ಚೆನ್ನಬಸವಪುರಾಣ. ಪ್ರತಿಮೆ ಒಡೆದ ಊರಿನ ಮಿಷನ್ನು, ಲಿಂಗಪೂಜೆಯನ್ನೂ ವಿಠಲನ ಭಕ್ತಿಯನ್ನೂ ಒಪ್ಪದ ಪಾದ್ರಿಗಳು, ವಿಠಲನ ಹಾಡು, ಬಸವನ ಕತೆಗಳನ್ನು ಕಲ್ಲಿಗೆ ಬರೆಸಿ ಒತ್ತಿಸಿದರು!

ಅವರ ಉದ್ದೇಶದಲ್ಲಿ ಗುಟ್ಟಿಲ್ಲ. ಅವರು ಬಂದದ್ದು ಸುವಾರ್ತೆ ಸಾರಲು, ಅದಕ್ಕೆ ಈ ಜನರ ಭಾಷೆ, ನಂಬಿಕೆ ತಿಳಿಯಬೇಕಿತ್ತು. ಮೊಗ್ಲಿಂಗನಿಗೆ ಕನ್ನಡ ಕಾವ್ಯದ ರುಚಿಯೂ ನಿಜವಾಗಿ ಹತ್ತಿತ್ತು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಕನ್ನಡಕ್ಕೆ ಮಾಡಿದ ಕೆಲಸಕ್ಕೆ. ಆದರೆ ಉದ್ದೇಶ ಏನೇ ಇರಲಿ, ಹಾಳೆ ಕಲ್ಲಿನಿಂದ ಎದ್ದ ಮೇಲೆ ಅದು ಅವರದಲ್ಲ. ಮಠದ ತಾಡವೋಲೆಯ ಕಟ್ಟು ಸ್ವಾಮಿಗಳೋ ಶಾಸ್ತ್ರಿಗಳೋ ಬಿಚ್ಚಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಚ್ಚಿನ ಪುಸ್ತಕ ಓದು ಬಂದವರ ಯಾರ ಕೈಯಲ್ಲೂ ಬಿಚ್ಚಿಕೊಳ್ಳುತ್ತದೆ. ಇವತ್ತಿಗೂ ಶ್ರಾವಣ ಬಂದರೆ ನಮ್ಮ ಊರುಗಳಲ್ಲಿ ‘ಪುರಾಣ ಹಚ್ಚುತ್ತಾರೆ’. ವ್ಯಾಸಪೀಠದ ಮೇಲಿನ ಆ ಅಚ್ಚಿನ ಬಸವಪುರಾಣದ ಹಿರಿಯಣ್ಣ ಮಂಗಳೂರಿನ ಕಲ್ಲಿನ ಮೇಲೆ ಹುಟ್ಟಿದವನು.

ಜಗಲಿಯ ಫೋಟೊ

ಪುಸ್ತಕವಾಯಿತು, ಚಿತ್ರ? ಅದೂ ಕಲ್ಲಿನ ಮೇಲೆಯೇ ಬಂತು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿದ. ಯಂತ್ರ ಜರ್ಮನಿಯದು, ತಂತ್ರಜ್ಞರೂ ಜರ್ಮನರು. ಅವರಲ್ಲೊಬ್ಬ, ಫ್ರಿಟ್ಸ್ ಶ್ಲೈಖರ್, ಮುಂದೆ ಅದನ್ನು ಕೊಂಡೇಬಿಟ್ಟ. ಬಣ್ಣದ ಚಿತ್ರಕ್ಕೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಹಳದಿ ಒತ್ತಿ, ಅದರ ಮೇಲೆ ಕೆಂಪು, ಅದರ ಮೇಲೆ ನೀಲಿ. ಕೂದಲೆಳೆಯಷ್ಟು ಸರಿದರೂ ಲಕ್ಷ್ಮಿಗೆ ಎರಡು ತುಟಿಯ ಅಂಚು. ಆ ಲಕ್ಷ್ಮಿ, ಸರಸ್ವತಿಯರು ಊರೂರಿಗೆ ನಡೆದರು. ಆಮೇಲೆ ನಮ್ಮ ಕಲಬುರ್ಗಿಯವರೇ ಆದ ಎಸ್.ಎಂ. ಪಂಡಿತರು (1916-1993) ಬಂದರು. ಅವರ ತುಂಬುಮೈಯ ದೇವತೆಗಳು ಕ್ಯಾಲೆಂಡರಿನ ಮೇಲೆ ಅಂಗಡಿ, ಗಿರಣಿ, ಕ್ಷೌರದಂಗಡಿಗಳ ಗೋಡೆ ಹತ್ತಿದವು. ಹೊಸ ವರ್ಷ ಬಂದರೂ ಆ ಹಾಳೆ ಯಾರೂ ಹರಿದೊಗೆಯಲಿಲ್ಲ. ತಾರೀಖು ಕತ್ತರಿಸಿ, ದೇವರಿಗೆ ಕಟ್ಟು ಹಾಕಿಸಿ, ಜಗಲಿಯ ಮೇಲಿಟ್ಟರು. ನಾವೆಲ್ಲ ಅದನ್ನು ‘ದೇವರ ಫೋಟೊ’ ಅನ್ನುತ್ತೇವೆ, ದೇವರು ಬಂದು ಕೂತು ತೆಗೆಸಿಕೊಂಡ ಹಾಗೆ.

ಹಾಗೆ ಅನ್ನುವವರನ್ನು ನೋಡಿ ನಗುವ ಪಂಡಿತರಿದ್ದಾರೆ. ನಾನು ನಗಲಾರೆ. ಗುಡಿಯ ಹೊಸ್ತಿಲು ಎಲ್ಲರಿಗೂ ತೆರೆದಿರಲಿಲ್ಲ. ಹೊರಗೆ ನಿಂತು ಕೈಮುಗಿದು ಹೋದ ಕೇರಿಗಳು ನಮ್ಮ ಎಲ್ಲ ಊರಲ್ಲೂ ಇದ್ದವು. ಆ ಕೇರಿಯ ಮನೆಗಳಿಗೆ ಪೂಜಾರಿಯ ಅಪ್ಪಣೆಯಿಲ್ಲದೆ ಒಳಗೆ ಹೋದ ದೇವರು ಈ ಹಾಳೆಯ ದೇವರು. ಅಂಗಡಿಯವನು ತನ್ನ ಹೆಸರು ಸಾರಲು ಹಂಚಿದ ಕ್ಯಾಲೆಂಡರು ಅಲ್ಲಿ ಗರ್ಭಗುಡಿಯಾಯಿತು. 1423ರ ಬಾಗಿಲ ಮೇಲಿನ ಕ್ರಿಸ್ಟೋಫರನಿಗೂ ಇವನಿಗೂ ಒಂದೇ ಕುಲ.

ನನ್ನ ಅಕ್ಕನ ಮದುವೆಯ ಲಗ್ನಪತ್ರಿಕೆ ಅಚ್ಚು ಹಾಕಿಸಲು ಅಪ್ಪನ ಜೊತೆ ಪ್ರೆಸ್ಸಿಗೆ ಹೋಗಿದ್ದೆ. ಮೊಳೆ ಜೋಡಿಸುವವರು ಖಾನೆಯಿಂದ ಗಣಪತಿಯ ಬ್ಲಾಕ್ ತೆಗೆದು ಅಂಗೈ ಮೇಲಿಟ್ಟರು. ಅಪ್ಪ ಗಾಬರಿಯಾದರು: ಸೊಂಡಿ ಬಲಕ್ಕಿದೆ! ಬಲಮುರಿ ಗಣಪತಿಗೆ ಮಡಿ ಜಾಸ್ತಿ, ಮದುವೆ ಗದ್ದಲದಲ್ಲಿ ಸಂಭಾಳಿಸುವುದು ಹೇಗೆ? ಅವರು ನಗುತ್ತ ಬ್ಲಾಕಿಗೆ ಬೆರಳಿಂದ ಮಸಿ ಹಚ್ಚಿ, ತುಂಡು ಕಾಗದಕ್ಕೆ ಒತ್ತಿ ತೋರಿಸಿದರು. ಸೊಂಡಿಲು ಎಡಕ್ಕೆ ತಿರುಗಿತ್ತು. ಅಪ್ಪ ಆ ತುಂಡು ಕಾಗದವನ್ನೂ ಬಿಸಾಡದೆ ಜೇಬಿಗೆ ಹಾಕಿಕೊಂಡರು. ಯುರೋಪಿನ ಕೊರೆಯುವವರಿಗೂ ಇದೇ ಫಜೀತಿ. ಬೇರೊಬ್ಬರ ಅಚ್ಚು ನೋಡಿ ನೇರವಾಗಿ ತಗಡಿಗೆ ಇಳಿಸಿದರೆ, ಒತ್ತಿದ ಹಾಳೆಯಲ್ಲಿ ಆಶೀರ್ವದಿಸುವ ಕ್ರಿಸ್ತನ ಬಲಗೈ ಎಡಗೈ ಆಗಿಬಿಡುತ್ತಿತ್ತು. ಅಂಥ ಹಾಳೆಗಳು ಇವತ್ತಿಗೂ ಇವೆ. ಎಡಗೈಯ ಆಶೀರ್ವಾದವನ್ನೂ ಜನ ತೆಗೆದುಕೊಂಡರು.

ಮಾತು ಮುಗಿಸುತ್ತೇನೆ. ಮೇಜಿನ ಮೇಲಿನ ಅಚ್ಚು ಇಲ್ಲೇ ಇರುತ್ತದೆ. ಹೋಗುವಾಗ ಹುಡುಗರು ಬಂದು ಒಳಗೆ ಬೆರಳಾಡಿಸಿ ನೋಡಲಿ. ಬಸವಣ್ಣನ ಕೋಡು, ಹಿಣಿಲು, ಕೊರಳ ಗಂಟೆ ಎಲ್ಲ ತಗ್ಗಾಗಿ ಸಿಗುತ್ತವೆ, ಬಸವಣ್ಣ ಮಾತ್ರ ಇರುವುದಿಲ್ಲ. ಅವನು ಪ್ರತಿವರ್ಷ ಬಂದು ಹೋಗುವವನು. ಒಂದು ಕೋಡಿನ ತುದಿ ಸವೆದಿದೆ. ಕಳೆದ ಹುಣ್ಣಿಮೆಗೆ ಆರತಿ ಬಿಚ್ಚಿದಾಗ ಅದು ಮೊಂಡಾಗಿ ಬಂತು. ಮೊಮ್ಮಗಳು ಆ ಮೊಂಡು ಕೋಡಿನದೇ ತನಗೆ ಬೇಕೆಂದು ಹಟ ಹಿಡಿದಳು. ತಿದ್ದುವ ಬಡಿಗೇರ ಅಜ್ಜ ಈಗಿಲ್ಲ. ಈ ಸಭೆಯಲ್ಲಿ ತಿರುವಿ ಕೆತ್ತಬಲ್ಲವರು ಯಾರಾದರೂ ಇದ್ದರೆ, ಕಾರ್ಯಕ್ರಮ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಾಣಬೇಕು.